ಬಾಟಲಿ ಹಾಲು ಕುಡಿದ ಸಿಂಹ

ಆರು ವರ್ಷದ ಹಿಂದೆ ಗೆಳತಿಯೊಬ್ಬಳು ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದಳು. ಅಲ್ಲಿಂದ ಒಂದು ಫೋಟೋ ಕಳಿಸಿದ್ದಳು. ಮಡಿಲಲ್ಲಿ ಸಿಂಹದ ಮರಿ. ಎರಡೂ ಮುಂಗಾಲಲ್ಲಿ ಹಾಲಿನ ಬಾಟಲಿ ತಬ್ಬಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕುಡಿಯುತ್ತಿದೆ. ಮೀಸೆಗೆಲ್ಲ ಹಾಲು ಮೆತ್ತಿಕೊಂಡಿದೆ. "ತಬ್ಬಲಿಯಂತೆ ಕಣೇ, ಪಾಪ" ಎಂದು ಕೆಳಗೆ ಬರೆದಿದ್ದಳು. ನನಗೂ ಕರುಳು ಚುರುಕ್ ಎಂದಿತ್ತು.

ಆ ಮರಿ ತಬ್ಬಲಿ ಆಗಿರಲಿಕ್ಕಿಲ್ಲ ಅಂತ ಈಗ ಅನ್ನಿಸುತ್ತದೆ. ಅಲ್ಲಿನ ಸಿಂಹದ ಫಾರ್ಮ್‌ಗಳ ಬಗ್ಗೆ ಓದುತ್ತಾ ಹೋದ ಮೇಲೆ ಆ ಫೋಟೋ ನೋಡಲು ಮನಸ್ಸೇ ಬರುವುದಿಲ್ಲ.

ಕಾಡಿನಲ್ಲಿ ಮರಿಗಳು ಹತ್ತಿರ ಹತ್ತಿರ ಎರಡು ವರ್ಷ ತಾಯಿಯ ಜೊತೆಗಿರುತ್ತವೆ. ಅಲ್ಲಿಯವರೆಗೆ ತಾಯಿ ಮತ್ತೆ ಬೆದೆಗೆ ಬರುವುದಿಲ್ಲ. ಮರಿಗಳನ್ನು ಕಿತ್ತುಕೊಂಡರೆ ಬೇಗ ಬರುತ್ತದೆ. ಫಾರ್ಮ್‌ನವರಿಗೆ ಬೇಕಾದದ್ದೇ ಅದು. ಹಾಗಾಗಿ ಹುಟ್ಟಿದ ಕೆಲವೇ ದಿನಗಳಲ್ಲಿ ಮರಿಗಳನ್ನು ಬೇರೆ ಮಾಡುತ್ತಾರೆ. ಹಾಲು ಕುಡಿಸಲು ಹೊರದೇಶದಿಂದ 'ಸ್ವಯಂಸೇವಕರು' ದುಡ್ಡು ಕೊಟ್ಟು ಬರುತ್ತಾರೆ. ಸ್ವಲ್ಪ ದೊಡ್ಡದಾದರೆ ಪ್ರವಾಸಿಗರು ಅದರ ಜೊತೆ ವಾಕಿಂಗ್ ಹೋಗಬಹುದು, ಅದಕ್ಕೂ ದುಡ್ಡು. ಇನ್ನೂ ಬೆಳೆದು ಮನುಷ್ಯರ ಪಕ್ಕ ಬಿಡಲು ಆಗದಂತಾದಾಗ ಬೇಲಿಯೊಳಗೆ ಹೋಗುತ್ತದೆ. ಗಂಡಾದರೆ ಕೇಸರ ಚೆನ್ನಾಗಿ ತುಂಬಿಕೊಳ್ಳುವವರೆಗೆ ಕಾಯುತ್ತಾರೆ. ಆಮೇಲೆ ದುಡ್ಡು ಕೊಟ್ಟು ಬೇಲಿಯೊಳಗೇ ಬೇಟೆಯಾಡುವ ಬಂದೂಕಿನವನು ಬರುತ್ತಾನೆ. ತಲೆ, ಚರ್ಮ ಅವನಿಗೆ. ಮೂಳೆ ಏಷ್ಯಾಕ್ಕೆ ಹೋಗುತ್ತಿತ್ತು, ಅಲ್ಲಿ ಔಷಧಿಗೆಂದು ಬಳಸುವ ಹುಲಿ ಮೂಳೆಯ ಬದಲಿಗೆ. 2017ರಲ್ಲಿ ಸರ್ಕಾರವೇ ವರ್ಷಕ್ಕೆ 800 ಸಿಂಹದ ಅಸ್ಥಿಪಂಜರ ರಫ್ತು ಮಾಡಬಹುದು ಅಂತ ಕೋಟಾ ಇಟ್ಟಿತ್ತು.

ಇದಕ್ಕೆ 'ಕ್ಯಾನ್ಡ್ ಹಂಟಿಂಗ್' ಅನ್ನುತ್ತಾರೆ. ಡಬ್ಬಿಯಲ್ಲಿ ತುಂಬಿಟ್ಟ ಬೇಟೆ. ಆ ದೇಶದಲ್ಲಿ ಹೀಗೆ ಬೇಲಿಯೊಳಗೆ ಇರುವ ಸಿಂಹಗಳು ಸುಮಾರು 8,000. ಅಲ್ಲಿನ ಕಾಡುಗಳಲ್ಲಿ ಅದರ ಅರ್ಧದಷ್ಟೂ ಇಲ್ಲ.

"ಕೋಳಿ ಕುರಿ ತಿನ್ನೋರು ಇದನ್ನು ಯಾಕೆ ಕೇಳ್ತೀರಿ?" ಅಂತ ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾಗೇ ಇದೆ. ನಾನು ಮಾಂಸ ತಿನ್ನುವವಳು, ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಕುರಿಯನ್ನೂ ಸಾಕಿ ಕೊಲ್ಲುತ್ತೇವೆ, ನಿಜ. ಆದರೆ ಅದು ಹೊಟ್ಟೆಗೆ. ಕುರಿ ಕೊಯ್ದವನು ಅದರ ತಲೆ ಗೋಡೆಗೆ ಹಾಕಿಕೊಂಡು "ನಾನು ಇದನ್ನು ಗೆದ್ದೆ" ಅನ್ನುವುದಿಲ್ಲ ಅಲ್ವಾ? ಇಲ್ಲಿ ಮಾರಾಟವಾಗುವುದು ಆ ಗೆಲುವು. ಗೆಲುವೇ ಸುಳ್ಳು, ಪ್ರಾಣ ಹೋಗುವುದು ಮಾತ್ರ ನಿಜ.

ಜೀಪಿನ ಸದ್ದು ಕೇಳಿದರೆ ಕಾಡಿನ ಸಿಂಹ ಕಿವಿ ನಿಮಿರಿಸಿ ಎಚ್ಚರವಾಗುತ್ತದೆ. ಫಾರ್ಮ್‌ನ ಸಿಂಹಕ್ಕೆ ಜೀಪ್ ಅಂದರೆ ಊಟ. ಎದ್ದು ಹತ್ತಿರ ಬರುತ್ತದೆ. ಹುಟ್ಟಿದಾಗಿನಿಂದ ಅನ್ನ ಹಾಕಿದ್ದು ಮನುಷ್ಯನ ಕೈ, ಆ ಕೈ ತನಗೇನೂ ಮಾಡುವುದಿಲ್ಲ ಎಂದು ಅದು ಕಲಿತಿದೆ. ನಾವೇ ಕಲಿಸಿದ್ದು. ನನಗೆ ತಡೆಯಲಾಗದ್ದು ಇದೇ. ಗುಂಡು ಹೊಡೆಯುವುದಕ್ಕಿಂತ, ಮೊದಲು ನಂಬಿಸಿ, ಆ ನಂಬಿಕೆಯನ್ನೇ ಬಲೆ ಮಾಡಿಕೊಂಡು ಹೊಡೆಯುತ್ತಾರಲ್ಲ, ಅದು.

1997ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಬಂದ ಒಂದು ದೃಶ್ಯ ಇದನ್ನೆಲ್ಲ ಜಗತ್ತಿಗೆ ತೋರಿಸಿತು. ಹೆಣ್ಣು ಸಿಂಹವೊಂದನ್ನು ಮರಿಗಳಿಂದ ಬೇರೆ ಮಾಡಿ ವಿದ್ಯುತ್ ಬೇಲಿಯ ಈಚೆಗೆ ತಂದಿದ್ದರು. ಅದು ಓಡಿಹೋಗಲಿಲ್ಲ. ಮರಿಗಳು ಬೇಲಿಯ ಆ ಕಡೆ ಇದ್ದವಲ್ಲ, ಅಲ್ಲೇ ಸುಳಿಯುತ್ತಿತ್ತು. ಅಲ್ಲೇ ಹೊಡೆದರು.

ಬೇಟೆಯವರೆಲ್ಲ ಇದನ್ನು ಒಪ್ಪುತ್ತಾರೆ ಎಂದುಕೊಳ್ಳಬೇಡಿ. 1902ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪ್ಪಿಯಲ್ಲಿ ಬೇಟೆಗೆ ಹೋದಾಗ, ಜೊತೆಯವರು ಗಾಯಗೊಂಡ ಕರಡಿಯೊಂದನ್ನು ಮರಕ್ಕೆ ಕಟ್ಟಿ ಹಾಕಿ ಅವರನ್ನು ಕರೆದರು. ಕಟ್ಟಿ ಹಾಕಿದ್ದನ್ನು ನಾನು ಹೊಡೆಯುವುದಿಲ್ಲ ಎಂದುಬಿಟ್ಟರು. ನರಳುತ್ತಿತ್ತು ಎಂದು ಬೇರೆಯವರಿಂದ ಕೊಲ್ಲಿಸಿದರು, ಅದು ಬೇರೆ ಮಾತು. ಟೆಡ್ಡಿ ಬೇರ್ ಹುಟ್ಟಿದ್ದು ಆ ಘಟನೆಯಿಂದ. ಎಷ್ಟೋ ಪ್ರಾಣಿಗಳನ್ನು ಹೊಡೆದ ಮನುಷ್ಯನಿಗೂ ಒಂದು ಗೆರೆ ಇತ್ತು. ತಲೆ, ಚರ್ಮಕ್ಕಾಗಿ ಆಡುವ ಟ್ರೋಫಿ ಬೇಟೆಯ ಪರವಾಗಿ ಸದಾ ವಾದಿಸುವ ಬೇಟೆಗಾರರ ಸಂಘ ಸಫಾರಿ ಕ್ಲಬ್ ಇಂಟರ್‌ನ್ಯಾಷನಲ್ ಕೂಡ 2018ರಲ್ಲಿ ಸಾಕಿದ ಸಿಂಹದ ಬೇಟೆ ಬೇಡ ಎಂದಿತು. ಅವರೇ ಬೇಡ ಅಂದ ಮೇಲೆ ಇನ್ನೇನು ಉಳಿಯಿತು?

ಬೇಟೆಗೆಂದು ಸಾಕಿದರೆ ಪ್ರಾಣಿ ಉಳಿಯುತ್ತದೆ ಎಂಬ ಎದುರು ವಾದದಲ್ಲಿ ನಾನು ಗೌರವಿಸುವುದು ಒಂದಿದೆ. ಕತ್ತಿಯಂತೆ ಬಾಗಿದ ಕೊಂಬಿನ ಓರಿಕ್ಸ್ ಎಂಬ ಜಿಂಕೆಯಂಥ ಪ್ರಾಣಿ ಸಹಾರಾದ ಅಂಚಿನಿಂದ ಪೂರ್ತಿ ಅಳಿದುಹೋಗಿತ್ತು. ಆದರೆ ಅಮೆರಿಕದ ಟೆಕ್ಸಾಸ್‌ನಲ್ಲಿ ಬೇಟೆಗೆಂದು ಪ್ರಾಣಿ ಸಾಕುವ ರಾಂಚ್‌ಗಳಲ್ಲಿ ಸಾವಿರಗಟ್ಟಲೆ ಉಳಿದಿತ್ತು. ಬೇಟೆಯ ದುಡ್ಡಿಲ್ಲದಿದ್ದರೆ ಅಷ್ಟು ಜನ ಅದನ್ನು ಸಾಕುತ್ತಿರಲಿಲ್ಲ. ಇದನ್ನು ಅಲ್ಲಗಳೆಯಲು ಆಗುವುದಿಲ್ಲ. 2016ರಲ್ಲಿ ಚಾಡ್ ದೇಶದ ಕಾಡಿಗೆ ಓರಿಕ್ಸ್ ಮರಳಿತು. ಮರಳಿದ್ದು ಮಾತ್ರ ಅಬುಧಾಬಿಯಲ್ಲಿ ಜೋಪಾನ ಮಾಡಿದ್ದ ಹಿಂಡಿನಿಂದ. ಸಿಂಹದ ವಿಷಯದಲ್ಲಿ ಆ ನೆಪವೂ ಇಲ್ಲ. ಬಾಟಲಿಯಲ್ಲಿ ಬೆಳೆದು, ಯಾವ ವಂಶದ್ದೆಂದು ಗೊತ್ತಿಲ್ಲದೆ, ತನ್ನ ಊಟ ತಾನು ಹಿಡಿಯಲು ಬಾರದೆ ಇರುವ ಸಿಂಹವನ್ನು ಯಾವ ಕಾಡಿಗೆ ಬಿಡುತ್ತೀರಿ?

ಕಾನೂನಿನ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಬೇಟೆಗೆ ಮುಂಚೆ 24 ತಿಂಗಳಾದರೂ ಸಿಂಹ ಸ್ವತಂತ್ರವಾಗಿ ತನ್ನ ಪಾಡಿಗೆ ಬದುಕಿರಬೇಕು ಎಂದು ದಕ್ಷಿಣ ಆಫ್ರಿಕಾ ಸರ್ಕಾರ ನಿಯಮ ತಂದಿತ್ತು. ಫಾರ್ಮ್‌ನವರು ಕೋರ್ಟಿಗೆ ಹೋದರು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮಕ್ಕೆ ಆಧಾರವಿಲ್ಲ ಎಂದು ಅವರ ಪರ ತೀರ್ಪು ಕೊಟ್ಟಿತು. 2019ರಲ್ಲಿ ಇನ್ನೊಂದು ಕೋರ್ಟು, ಮೂಳೆಯ ಕೋಟಾ ನಿಗದಿ ಮಾಡುವಾಗ ಸಿಂಹಗಳ ಯೋಗಕ್ಷೇಮ ನೋಡಲೇ ಇಲ್ಲ, ಅದು ಕಾನೂನುಬಾಹಿರ ಎಂದಿತು. ಆ ತೀರ್ಪು ಓದಿ ಸ್ವಲ್ಪ ಸಮಾಧಾನವಾಗಿತ್ತು. 2021ರ ಮೇ ತಿಂಗಳಲ್ಲಿ ಪರಿಸರ ಸಚಿವೆ ಬಾರ್ಬರಾ ಕ್ರೀಸಿ ಸಿಂಹ ಸಾಕಣೆಯನ್ನೇ ನಿಲ್ಲಿಸುತ್ತೇವೆ ಎಂದು ಘೋಷಿಸಿದರು. ಆಮೇಲೂ ವರ್ಷಗಟ್ಟಲೆ ಫಾರ್ಮ್‌ಗಳು ನಡೆದೇ ಇದ್ದವು.

ಇರುವ 8,000 ಸಿಂಹಗಳನ್ನು ಏನು ಮಾಡುವುದು ಅನ್ನೋದು ನಿಜಕ್ಕೂ ಕಷ್ಟದ ಪ್ರಶ್ನೆ. ಕಾಡಿಗೆ ಬಿಡಲಾಗದು, ಎಲ್ಲಕ್ಕೂ ಆಶ್ರಯಧಾಮ ಸಿಗದು. ಆದರೆ ಹೊಸ ಮರಿ ಹುಟ್ಟಿಸುವುದನ್ನು ನಾಳೆಯೇ ನಿಲ್ಲಿಸಬಹುದು. ಮರಿ ಎತ್ತಿಕೊಳ್ಳಲು ದುಡ್ಡು ಕೊಡುವವರು ನಿಂತರೆ ಇನ್ನೂ ಬೇಗ ನಿಲ್ಲುತ್ತದೆ. ಎಲ್ಲಾದರೂ ಸಿಂಹದ ಮರಿ ಕೈಗೆ ಕೊಟ್ಟರೆ ದಯವಿಟ್ಟು ಮೊದಲು ಕೇಳಿ, ಇದರ ತಾಯಿ ಎಲ್ಲಿ? ಹೋದ ವರ್ಷ ಇದ್ದ ಮರಿಗಳು ಈಗ ಎಲ್ಲಿವೆ?

ಮೊನ್ನೆ ಗೆಳತಿಗೆ ಇದನ್ನೆಲ್ಲ ಹೇಳಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಾನು ಕೇಳಿದ್ದೆ ಕಣೇ. ದೊಡ್ಡದಾದ ಮೇಲೆ ಕಾಡಿಗೆ ಬಿಡ್ತೀವಿ ಅಂದಿದ್ರು" ಎಂದಳು. ಅವಳ ಮರಿ ಗಂಡು. ಈಗ ಅದಕ್ಕೆ ಆರು ವರ್ಷ, ಕೇಸರ ತುಂಬಿರುವ ವಯಸ್ಸು.