ನಮ್ಮ ವಿಚಿತ್ರವೆಲ್ಲ ಮನೆ ಮುಂದೆ, ಇವರದು ಸಂತೆಯೊಳಗೆ

‘ಪ್ರಪಂಚದ ವಿಚಿತ್ರ ಕಟ್ಟಡಗಳು’ ಅಂತ ವಾಟ್ಸಾಪ್‌ನಲ್ಲಿ ಆಗಾಗ ಒಂದು ಕಂತೆ ಫೋಟೋ ಓಡಾಡುತ್ತದೆ, ನಿಮಗೂ ಬಂದಿರುತ್ತದೆ. ಅದರಲ್ಲಿ ಒಂದು ಮೂಲೆಯ ಮೇಲೆ ನಿಲ್ಲಿಸಿಟ್ಟ ಹಳದಿ ಪೆಟ್ಟಿಗೆಗಳಂಥ ಮನೆಗಳು ಇದ್ದೇ ಇರುತ್ತವೆ. ಅವು ಇರೋದು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ, ನಾನಿರುವ ಊರಲ್ಲಿ. ಹಾಗಾಗಿ ಆ ಫೋಟೋ ಹಾಸನದ ಕಡೆಯ ನಮ್ಮ ನೆಂಟರ ಗುಂಪಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, ‘ಏನಪ್ಪಾ, ನೀನೂ ಇಂಥದ್ರಲ್ಲೇ ಇದ್ದೀಯಾ?’

ಇಲ್ಲ ಸ್ವಾಮಿ. ನಾನಿರೋದು ಇಟ್ಟಿಗೆಯ ಸಾಲುಮನೆಯಲ್ಲಿ. ಎಡಗಡೆ ಮನೆ, ಬಲಗಡೆ ಮನೆ, ಎದುರಿನ ಮನೆ ಎಲ್ಲ ಒಂದೇ ಅಚ್ಚು. ಅದೇ ಅಗಲ, ಅದೇ ಕಿಟಕಿ, ಅದೇ ಕಡಿದಾದ ಮೆಟ್ಟಿಲು. ಇಲ್ಲಿನ ಬಹುಪಾಲು ಮಂದಿ ಇರೋದು ಇಂಥ ಮನೆಗಳಲ್ಲೇ ಅಥವಾ ಸಾದಾ ಫ್ಲ್ಯಾಟ್‌ಗಳಲ್ಲಿ. ಮುಂದಿನ ಮಾಡಿಗೆ ಒಂದು ಕಿಟಕಿ ಎಬ್ಬಿಸಬೇಕು ಅಂದರೂ ನಗರಸಭೆಯ ಅನುಮತಿ ಕೇಳಬೇಕು, ಬೀದಿಯ ಅಂದಕ್ಕೆ ಹೊಂದುತ್ತದೋ ಇಲ್ಲವೋ ಅಂತ ನೋಡಲು ಅವರಿಗೊಂದು ಸಮಿತಿಯೇ ಇರುತ್ತದೆ.

ಹಾಗಾದರೆ ಫೋಟೋದಲ್ಲಿ ಕಾಣುವ ಆ ಹುಚ್ಚೆಲ್ಲ ಎಲ್ಲಿದೆ? ಸಂತೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಸೇತುವೆಯಲ್ಲಿ, ಮಳೆನೀರು ನಿಲ್ಲುವ ಚೌಕದಲ್ಲಿ. ಇವರು ತಮಾಷೆಯನ್ನೆಲ್ಲ ಊರಿಗೆ ಕೊಟ್ಟು ಮನೆಯನ್ನು ಸಾದಾ ಇಟ್ಟುಕೊಂಡಿದ್ದಾರೆ. ನಾವು ಈಚೆಗೆ ಸರಿಯಾಗಿ ಇದರ ಉಲ್ಟಾ ಮಾಡುತ್ತಿದ್ದೇವೆ ಅನ್ನೋದು ನನ್ನ ತಕರಾರು.

ಮೊದಲು ಆ ಹಳದಿ ಮನೆಗಳ ಕಥೆ ಮುಗಿಸೋಣ. ಪೀಟ್ ಬ್ಲೋಮ್ ಅನ್ನುವ ವಾಸ್ತುಶಿಲ್ಪಿ ಮಾಡಿದ್ದು, 1984ರಲ್ಲಿ ಮುಗಿದದ್ದು. ಒಂದೊಂದು ಮನೆಯೂ ಒಂದು ಮರ, ಎಲ್ಲ ಸೇರಿದರೆ ಕಾಡು ಅನ್ನೋದು ಅವರ ಕಲ್ಪನೆ. ಕೆಳಗೆ ಒಂದು ಕಂಬ, ಕಂಬದೊಳಗೆ ಮೆಟ್ಟಿಲು, ಮೇಲೆ 54.7 ಡಿಗ್ರಿ ಓರೆಯಾಗಿ ಕೂರಿಸಿದ ಘನ. ಒಳಗೆ ಮೂರು ಮಹಡಿ. ನೆಲದ ಲೆಕ್ಕದಲ್ಲಿ ಸುಮಾರು 100 ಚದರ ಮೀಟರ್ ಇದ್ದರೂ ಗೋಡೆ ಓರೆ ಇರುವುದರಿಂದ ಕಾಲು ಭಾಗ ಉಪಯೋಗಕ್ಕೆ ಬರೋದಿಲ್ಲ. ಒಂದು ಮನೆಯನ್ನು ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಾರೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಮೊಣಕಾಲು ಹಿಡಿದುಕೊಂಡು ಮೇಲೆ ಹತ್ತಿದರು. ಒಂದು ಸುತ್ತು ನೋಡಿದರು. ‘ಬೀರು ಎಲ್ಲಿಡ್ತಾರೋ?’ ಅಂದರು. ನಿಜವಾಗಿ ಆ ಮನೆಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಕೆಳಗಿನ ಮಹಡಿಯಲ್ಲಿ ಗೋಡೆ ನಮ್ಮಿಂದ ಆಚೆಗೆ ವಾಲಿಕೊಂಡು ಹೋಗುತ್ತದೆ, ಬೀರು ಇಟ್ಟರೆ ಹಿಂದೆ ಮೂರು ಮೂಲೆಯ ಸಂದು ಉಳಿಯುತ್ತದೆ. ಮೇಲಿನ ಮಹಡಿಯಲ್ಲಿ ಗೋಡೆ ತಲೆ ಮೇಲೆ ಬಾಗಿರುತ್ತದೆ, ಅಲ್ಲಿ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕಿದರೆ ಅದು ಗೋಡೆಗೆ ತಾಗದೆ ಗಾಳಿಯಲ್ಲಿ ತೂಗಾಡುತ್ತದೆ. ಕಿಟಕಿ ಬಗ್ಗಿ ನೋಡಿದರೆ ಎದುರಿನ ಮನೆಯ ಬದಲು ನೇರವಾಗಿ ಕೆಳಗಿನ ರಸ್ತೆ ಕಾಣುತ್ತದೆ. ಎಲ್ಲ ಪೀಠೋಪಕರಣವೂ ಆ ಮೂಲೆಗಳ ಅಳತೆಗೇ ಮಾಡಿಸಿದ್ದು. ನನ್ನ ಮಟ್ಟಿಗೆ ವಾಸಕ್ಕೆ ಅದು ಕಿರಿಕಿರಿಯ ಮನೆ. ಇಷ್ಟಪಟ್ಟು ಅಲ್ಲೇ ಇರುವವರೂ ಇದ್ದಾರೆ, ಅವರ ತಾಳ್ಮೆಗೆ ನಮಸ್ಕಾರ.

ಫೋಟೋದಲ್ಲಿ ಕಾಣದ ಒಂದು ವಿಷಯ ಇದೆ. ಈ ಮನೆಗಳೆಲ್ಲ ನಿಂತಿರೋದು ಒಂದು ಸೇತುವೆ ಮೇಲೆ. ಕೆಳಗೆ ಬ್ಲಾಕ್ ಅನ್ನುವ ದೊಡ್ಡ ರಸ್ತೆ, ಟ್ರಾಮು, ಕಾರು. ಸಂತೆ ಕಡೆಯಿಂದ ಹಳೇ ಬಂದರಿಗೆ ನಡೆದು ಹೋಗುವವರು ಆ ರಸ್ತೆಗೆ ಇಳಿಯದೆ, ಈ ಮನೆಗಳ ಕಂಬಗಳ ನಡುವೆ ಹಾಯ್ದು ಹೋಗುತ್ತಾರೆ. ಅಂದರೆ ನಮ್ಮಲ್ಲಿ ಸ್ಕೈವಾಕ್ ಅಂತ ಕಟ್ಟಿ, ಮೇಲೆ ಜಾಹೀರಾತು ಬೋರ್ಡು ಹಾಕಿ, ಯಾರೂ ಹತ್ತದೆ ಬಿಡುತ್ತೇವಲ್ಲ, ಅದನ್ನೇ ಇವರು ಒಂದು ಕೇರಿ ಮಾಡಿದ್ದಾರೆ. ಜನ ಅಲ್ಲಿ ಸುಮ್ನೆ ನಡೆದು ಹೋಗುತ್ತಾರೆ. ಬೀರುವಿನ ಪ್ರಶ್ನೆಗೆ ಸೋತ ಕಟ್ಟಡ ಇಲ್ಲಿ ಗೆದ್ದಿದೆ.

ಈ ಊರು ಹೀಗಾಗಲು ಕಾರಣ ಯುದ್ಧ. 1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬು ಹಾಕಿ ಊರಿನ ನಡುಭಾಗವನ್ನೇ ಸುಟ್ಟುಹಾಕಿದವು. ಸುಮಾರು 80,000 ಜನ ಮನೆ ಕಳೆದುಕೊಂಡರು. ಆಮ್‌ಸ್ಟರ್‌ಡ್ಯಾಮ್‌ನಂತೆ ಉಳಿಸಿಕೊಳ್ಳಲು ಹಳೇ ಬೀದಿಗಳೇ ಇರಲಿಲ್ಲ, ಹೊಸದನ್ನು ಮಾಡಿ ನೋಡಲು ಜಾಗ ಇತ್ತು. ಇದು ಅರ್ಧ ಉತ್ತರ ಅಷ್ಟೇ. ಯುದ್ಧದಲ್ಲಿ ಸುಟ್ಟ ಊರುಗಳು ಯೂರೋಪಿನಲ್ಲಿ ಬೇಕಾದಷ್ಟಿವೆ, ಎಲ್ಲವೂ ಹೀಗಾಗಲಿಲ್ಲ.

ಹಳದಿ ಮನೆಗಳ ಎದುರಿಗೇ ಮಾರ್ಕ್ಟ್‌ಹಾಲ್ ಇದೆ, 2014ರಲ್ಲಿ ತೆರೆದದ್ದು. ತೆರೆದ ಬಯಲಲ್ಲಿ ಮೀನು ಮಾಂಸ ಮಾರುವುದರ ಬಗ್ಗೆ ನಿಯಮ ಬಿಗಿಯಾಗುತ್ತಾ ಬಂತು, ಮುಚ್ಚಿದ ಮಾರುಕಟ್ಟೆ ಬೇಕಾಯಿತು. ಯಾರಾದರೂ ಒಂದು ಶೆಡ್ ಎತ್ತಿ ಮುಗಿಸಬಹುದಿತ್ತು. ನಗರಸಭೆ 2004ರಲ್ಲಿ ಸ್ಪರ್ಧೆ ಕರೆಯಿತು, ಎಂವಿಆರ್‌ಡಿವಿ ಅನ್ನುವ ಇಲ್ಲಿನದೇ ಸಂಸ್ಥೆಯ ನಕ್ಷೆ ಗೆದ್ದಿತು. ಅವರು ಮಾಡಿದ್ದೇನು ಅಂದರೆ, 228 ಮನೆಗಳನ್ನು ಕುದುರೆ ಲಾಳದ ಆಕಾರಕ್ಕೆ ಬಗ್ಗಿಸಿ, ಆ ಕಮಾನಿನ ಕೆಳಗೆ ಸಂತೆ ಕೂರಿಸಿದರು. ಸಂತೆಯ ಛಾವಣಿ ಅಂದರೆ ಯಾರದೋ ಮನೆಗಳು. ಸುಮಾರು 40 ಮೀಟರ್ ಎತ್ತರ. ಎರಡು ತುದಿಗೂ ಉಕ್ಕಿನ ಹಗ್ಗಗಳ ಬಲೆಗೆ ಸಿಕ್ಕಿಸಿದ ಗಾಜು, ಬಿರುಗಾಳಿ ಬಂದರೆ ಅದು ಒಡೆಯದೆ ಬಾಗುತ್ತದೆ. ಒಳಗಿನ ಕಮಾನಿಗೆ ಪೂರ್ತಿ ಹಣ್ಣು, ಹೂವು, ಮೀನುಗಳ ದೊಡ್ಡ ಚಿತ್ರ. ಕತ್ತು ನೋಯುವವರೆಗೂ ನೋಡಬಹುದು.

ನನಗೆ ಚಿತ್ರಕ್ಕಿಂತ ಇಷ್ಟವಾಗೋದು ಆ ಮನೆಗಳ ಒಳ ಹಂಚಿಕೆ. ವಾಸದ ಕೋಣೆಗಳಿಗೆ ಹಗಲಿನ ಬೆಳಕು ಬೇಕು ಅಂತ ಇಲ್ಲಿ ಕಾನೂನಿದೆ, ಹಾಗಾಗಿ ಹಾಲ್, ಮಲಗುವ ಕೋಣೆ ಹೊರಗಡೆಗೆ. ಅಡುಗೆಮನೆ, ಉಗ್ರಾಣ ಸಂತೆ ಕಡೆಗೆ. ಕೆಲವು ಮನೆಗಳಿಗೆ ಸಂತೆಯ ನೆತ್ತಿಯಲ್ಲೇ ಕಿಟಕಿ, ಅಲ್ಲಿ ನಿಂತು ತರಕಾರಿ ಹೆಚ್ಚುತ್ತಾ ಕೆಳಗೆ ಯಾರು ಏನು ಕೊಳ್ಳುತ್ತಿದ್ದಾರೆ ಅಂತ ನೋಡಬಹುದು. ನೆಲ ಅಗೆದಾಗ ಊರು ಹುಟ್ಟುವ ಮುಂಚಿನ, ಹತ್ತನೇ ಶತಮಾನದ ಕಾಲದ ಕುರುಹು ಸಿಕ್ಕವು. ಅವುಗಳನ್ನು ಪೆಟ್ಟಿಗೆಗೆ ತುಂಬಿ ಎಲ್ಲಿಗೋ ಕಳಿಸಲಿಲ್ಲ, ಪಾರ್ಕಿಂಗಿಗೆ ಇಳಿಯುವ ಮೆಟ್ಟಿಲ ಪಕ್ಕ ಇಟ್ಟಿದ್ದಾರೆ. ಕಾರು ತೆಗೆಯಲು ಹೋಗುವವನ ಕಣ್ಣಿಗೂ ಬೀಳುತ್ತದೆ.

ದೂರು ಇಲ್ಲವೇ ಅಂದರೆ ಇದೆ. ಈಗ ಅಲ್ಲಿ ಪ್ರವಾಸಿಗರ ತಿಂಡಿ ಅಂಗಡಿ ಜಾಸ್ತಿ, ಸೊಪ್ಪು ತರಕಾರಿ ಕಡಿಮೆ. ಕೊತ್ತಂಬರಿ ಸೊಪ್ಪಿಗೆ ನಾನೂ ಶನಿವಾರ ಹೊರಗಿನ ಬಯಲು ಸಂತೆಗೇ ಹೋಗೋದು. ಅದನ್ನ ಮುಚ್ಚಲಿಲ್ಲ ಅನ್ನೋದೇ ಪುಣ್ಯ.

ಸ್ಟೇಷನ್ ಬಗ್ಗೆ ಒಂದೇ ಮಾತು. 2014ರ ಹೊಸ ಕಟ್ಟಡದ ಉಕ್ಕು ಹೊದಿಸಿದ ಛಾವಣಿ ಚೂಪಾಗಿ ಊರಿನ ಕಡೆ ಮುಖ ಮಾಡಿದೆ. ಊರವರು ಅದಕ್ಕೆ ಫಾಯಿಲ್ ತಟ್ಟೆಯಲ್ಲಿ ಕೊಡುವ ಇಲ್ಲಿನದೇ ಒಂದು ತಿನಿಸಿನ ಹೆಸರಿಟ್ಟು ಗೇಲಿ ಮಾಡುತ್ತಾರೆ. ಆದರೆ 1957ರ ಹಳೇ ಸ್ಟೇಷನ್ನಿನ ಗಡಿಯಾರವನ್ನೂ ಹೆಸರಿನ ಅಕ್ಷರಗಳನ್ನೂ ಬಿಚ್ಚಿ ತಂದು ಹೊಸದರ ಮುಖದ ಮೇಲೇ ಕೂರಿಸಿದ್ದಾರೆ.

ಇನ್ನು ನನ್ನ ಮೆಚ್ಚಿನ ಜಾಗ, ಬೆಂಥೆಮ್‌ಪ್ಲೇನ್ ಅನ್ನುವ ಚೌಕ. ಯಾವ ಫಾರ್ವರ್ಡ್ ಕಂತೆಯಲ್ಲೂ ಇದು ಬರೋದಿಲ್ಲ, ಯಾಕಂದರೆ ಫೋಟೋದಲ್ಲಿ ನೋಡಿದರೆ ಒಂದು ಗುಂಡಿ ಅಷ್ಟೇ. ಡಿ ಅರ್ಬನಿಸ್ಟನ್ ಅನ್ನುವ ವಿನ್ಯಾಸ ಸಂಸ್ಥೆಯವರು ಮಾಡಿದ್ದು, 2013ರಲ್ಲಿ. ಮೂರು ತಗ್ಗುಗಳಿವೆ. ಆಳವಾದ ತಗ್ಗು ಬಾಸ್ಕೆಟ್‌ಬಾಲ್ ಅಂಗಳ, ಸುತ್ತಲೂ ಕೂರಲು ಮೆಟ್ಟಿಲು. ಬಿಸಿಲಿದ್ದಾಗ ಹುಡುಗರು ಆಡುತ್ತಾರೆ. ಜೋರು ಮಳೆ ಬಂದರೆ ಅಕ್ಕಪಕ್ಕದ ಛಾವಣಿಗಳ ನೀರು ಉಕ್ಕಿನ ಅಗಲ ಕಾಲುವೆಗಳಲ್ಲಿ ಹರಿದು ಬಂದು ಇಲ್ಲಿ ನಿಲ್ಲುತ್ತದೆ, ಸುಮಾರು 17 ಲಕ್ಷ ಲೀಟರ್ ಹಿಡಿಯುತ್ತದೆ. ಆಮೇಲೆ ನಿಧಾನಕ್ಕೆ ಇಂಗುತ್ತದೆ ಅಥವಾ ಹೊರಗೆ ಹೋಗುತ್ತದೆ. ಆ ಕಾಲುವೆಗಳನ್ನು ಸ್ಕೇಟ್‌ಬೋರ್ಡ್ ಹುಡುಗರಿಗೆ ಬೇಕಾದ ಅಗಲಕ್ಕೇ ಮಾಡಿದ್ದಾರೆ. ನಕ್ಷೆ ಬರೆಯುವ ಮುಂಚೆ ಪಕ್ಕದ ಕಾಲೇಜಿನವರನ್ನ, ಚರ್ಚಿನವರನ್ನ, ಅಲ್ಲಿನ ನಿವಾಸಿಗಳನ್ನ ಕೂರಿಸಿಕೊಂಡು ಮಾತಾಡಿದರಂತೆ.

ಆ ಮೆಟ್ಟಿಲ ಮೇಲೆ ಕೂತರೆ ನನಗೆ ಹಳೇಬೀಡಿನ ಹತ್ತಿರದ ಹುಲಿಕೆರೆ ಕಲ್ಯಾಣಿ ನೆನಪಾಗದೆ ಇರೋದಿಲ್ಲ. ಹೊಯ್ಸಳರ ಕಾಲದ್ದು. ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಅದರ ನಡುನಡುವೆ ಪುಟ್ಟ ಪುಟ್ಟ ಗುಡಿಗಳು. ನೀರು ಹಿಡಿಯಲಿಕ್ಕೆ ಒಂದು ಗುಂಡಿ ತೋಡಿದ್ದರೆ ಸಾಕಿತ್ತು, ಅಲ್ವಾ? ಯಾರೋ ಪುಣ್ಯಾತ್ಮರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಅದೇ ಕಾಲದಲ್ಲಿ ನಮ್ಮ ಕಡೆಯ ಸಾಮಾನ್ಯರ ಮನೆಗಳು ಮಣ್ಣಿನ ಗೋಡೆ, ಹುಲ್ಲಿನ ಮಾಡು ಇದ್ದಿರಬೇಕು, ಅವು ಯಾವುವೂ ಉಳಿದಿಲ್ಲ. ಕಸುಬುದಾರಿಕೆಯೆಲ್ಲ ಹೋಗಿದ್ದು ದೇವಸ್ಥಾನಕ್ಕೆ, ಕೆರೆಗೆ, ಕಲ್ಯಾಣಿಗೆ. ಅದಾಗಿ ಇಷ್ಟು ಶತಮಾನದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನೀರು ನಿಲ್ಲಲು ಜಾಗ ಬಿಡದೆ ಕಟ್ಟಿದ್ದೇವೆ, ಕಟ್ಟಿದ್ದರಲ್ಲೂ ಬಹಳಷ್ಟು ಗಾಜಿನ ಡಬ್ಬಿ. ಬಿಸಿಲಿನ ಊರಲ್ಲಿ ಗಾಜು ಹೊದಿಸಿ ಆಮೇಲೆ ಒಳಗೆ ಎಸಿ ಹಾಕುವ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮನೆಗಳಿಗೆ ಬನ್ನಿ. ಹಾಸನದಲ್ಲಿ ನಮ್ಮ ಚಿಕ್ಕಪ್ಪ 30-40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದಾರೆ. ಆಯ ನೋಡಿಸಿ, ವಾಸ್ತು ಕೇಳಿಸಿ ಒಳಗಿನ ನಕ್ಷೆ ಹಾಕಿಸಿದರು. ಅದು ಪಕ್ಕದ ಸೈಟಿನ ನಕ್ಷೆಯದೇ ಕನ್ನಡಿ ಬಿಂಬ. ಕುಬೇರ ಮೂಲೆ, ಅಗ್ನಿಮೂಲೆ ಎಲ್ಲ ಮೊದಲೇ ಗೊತ್ತು ಮಾಡಿಟ್ಟ ಮೇಲೆ ಒಳಗೆ ಬದಲಿಸಲು ಏನಿದೆ? ಆದ್ದರಿಂದ ಇರುವ ಆಸೆಯೆಲ್ಲ ಎಲಿವೇಷನ್ನಿಗೆ. ಸಿಎನ್‌ಸಿ ಜಾಲರಿ, ಕಲ್ಲಿನ ಕ್ಲಾಡಿಂಗ್, ಓರೆಯಾಗಿ ಮುಂದೆ ಚಾಚಿದ ಕಾಂಕ್ರೀಟ್ ಚೌಕಟ್ಟು, ಅದರೊಳಗೆ ನೀಲಿ ಎಲ್‌ಇಡಿ ಪಟ್ಟಿ. ಮೇಸ್ತ್ರಿಗೆ ಸೆಂಟ್ರಿಂಗ್ ಹೊಡೆಯೋಕೆ ಬರದಷ್ಟು ಮೂಲೆ. ಆ ಹಳದಿ ಮನೆಗಳ ಫೋಟೋ ಕಳಿಸಿ ‘ಮುಂದಿನ ಬಾಲ್ಕನಿ ಹಿಂಗೆ ಮಾಡಿಸಬಹುದಾ?’ ಅಂತ ಕೇಳಿದ್ದಾರೆ. ಅವರ ಬೀದಿಯಲ್ಲಿ ಚರಂಡಿಗೆ ಹಾಕಿದ ಚಪ್ಪಡಿ ಮುರಿದಿದೆ. ಫುಟ್‌ಪಾತ್ ಇರುವ ಜಾಗದಲ್ಲಿ ಪ್ರತಿ ಮನೆಯವರೂ ಕಾರು ಹತ್ತಿಸುವ ರ‍್ಯಾಂಪ್ ಹಾಕಿಕೊಂಡಿದ್ದಾರೆ.

ನಾನು ಇದನ್ನೇ ಹೇಳಿದಾಗ ಚಿಕ್ಕಪ್ಪ ಬಿಡಲಿಲ್ಲ. ‘ಸರ್ಕಾರದವರು ನೆಟ್ಟಗೆ ಒಂದು ಬಸ್ ಸ್ಟ್ಯಾಂಡ್ ಕಟ್ಟಲ್ಲ, ನನ್ನ ಕೈಲಿರೋದು ನನ್ನ ಸೈಟು. ಅದನ್ನಾದ್ರೂ ಚೆಂದ ಮಾಡ್ಕೋಬಾರ್ದಾ ಕಣೋ?’ ಮಾತಿನಲ್ಲಿ ತಪ್ಪಿಲ್ಲ. ಊರು ಕೈಗೆ ಸಿಗದವನು ಮನೆ ಮುಂದಿನ ಗೋಡೆಗೆ ಬಣ್ಣ ಬಳಿಯುತ್ತಾನೆ.

ಸರ್ಕಾರ ಚೆನ್ನಾಗಿ ಕಟ್ಟಿದ್ದೇ ಇಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪೋದಿಲ್ಲ. ಕೆಂಗಲ್ ಹನುಮಂತಯ್ಯನವರು ಸಾದಾ ನಕ್ಷೆಯನ್ನು ಬದಿಗಿಟ್ಟು ವಿಧಾನಸೌಧ ಕಟ್ಟಿಸಿದರು, ಖರ್ಚಿನ ಬಗ್ಗೆ ಗಲಾಟೆಯಾಯಿತು, ತನಿಖೆಯೂ ಆಯಿತು. 1956ರಲ್ಲಿ ಮುಗಿದ ಆ ಕಟ್ಟಡದ ಮುಂದೆ ಇವತ್ತಿಗೂ ಹಳ್ಳಿಯಿಂದ ಬಂದವರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ಒರಟು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದನೆಯ ಓಣಿಗಳಲ್ಲಿ ನೆರಳನ್ನೇ ಕಟ್ಟಡ ಮಾಡಿದರು. ಆದರೆ 2005ರಲ್ಲಿ ವಿಧಾನಸೌಧದ ಪಕ್ಕ ವಿಕಾಸಸೌಧ ಎದ್ದಿತು, ಹಳೆಯದರದ್ದೇ ನಕಲು. ಐವತ್ತು ವರ್ಷದಲ್ಲಿ ಹೊಸದೊಂದು ಹೊಳೆಯಲಿಲ್ಲವಾ? ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಅಂತ ಜಗಳ ಕೋರ್ಟು ಹತ್ತಿತು. ಅಷ್ಟು ವರ್ಷದ ವಾದದಲ್ಲಿ ಕೆಡವೋದು, ಉಳಿಸೋದು ಎರಡೇ ಮಾತು ಜೋರಾಗಿ ಕೇಳಿಸಿದ್ದು. ವೀಳ್ಯದೆಲೆ, ಮಲ್ಲಿಗೆ, ಕುಂಕುಮದ ರಾಶಿ, ನಂಜನಗೂಡು ರಸಬಾಳೆ ಕೂರುವ ಜಾಗ ನಾಳೆ ಹೇಗಿದ್ದರೆ ಚೆಂದ ಅನ್ನುವ ಮೂರನೇ ಪ್ರಶ್ನೆ ದೂರದಲ್ಲಿರುವ ನನ್ನ ಕಿವಿಗಂತೂ ಬೀಳಲಿಲ್ಲ.

ಅವರ ಹತ್ರ ದುಡ್ಡಿದೆ ಬಿಡಪ್ಪಾ ಅನ್ನುವವರಿಗೆ: ಮಾರ್ಕ್ಟ್‌ಹಾಲ್‌ನಲ್ಲಿ ಸಂತೆಯ ಜೊತೆಗೇ ಮನೆಗಳನ್ನೂ ಮಾರಿದರು, ಬಾಡಿಗೆಗೂ ಕೊಟ್ಟರು. ಬೆಂಥೆಮ್‌ಪ್ಲೇನ್‌ನಲ್ಲಿ ಆಟದ ಅಂಗಳ, ಮಳೆನೀರಿನ ಗುಂಡಿ ಎರಡೂ ಒಂದೇ ಸಲಕ್ಕೆ ಆಯಿತು. ನಮ್ಮಲ್ಲಿ ಟೆಂಡರ್ ಕರೆಯುವ ಹೊತ್ತಿಗೆ ನಕ್ಷೆ ಯಾವುದೋ ಕಪಾಟಿನಿಂದ ಆಗಲೇ ಹೊರಗೆ ಬಂದಿರುತ್ತದೆ, ಉಳಿಯೋದು ಯಾರು ಕಡಿಮೆಗೆ ಕಟ್ಟುತ್ತಾರೆ ಅನ್ನೋದಷ್ಟೇ. ನಾನು ಕೇಳೋದು ಬಹಳ ಸಣ್ಣದು. ತಾಲ್ಲೂಕಿನ ಬಸ್ ಸ್ಟ್ಯಾಂಡೋ ಸಂತೆ ಮೈದಾನವೋ ಹೊಸದಾಗಿ ಕಟ್ಟುವಾಗ ಮೂರು ನಾಲ್ಕು ಬೇರೆ ಬೇರೆ ನಕ್ಷೆ ತರಿಸಿ, ದೊಡ್ಡ ಬೋರ್ಡಿಗೆ ಹಾಕಿ, ಅದೇ ಜಾಗದಲ್ಲಿ ಒಂದೆರಡು ತಿಂಗಳು ನಿಲ್ಲಿಸಲಿ. ಹೂವು ಮಾರುವವರು, ಬಸ್ ಕಾಯುವವರು, ಕಾಲೇಜು ಹುಡುಗರು ನೋಡಲಿ, ಬೈಯಲಿ, ಅಡ್ಡಹೆಸರು ಇಡಲಿ. ಟೆಂಡರ್ ಆಮೇಲೆ.