ಕಾಲೋನಿಯ ಧರ್ಮಾರ್ಥ ನರ್ಸಿಂಗ್ ಹೋಮ್: ನಷ್ಟ ನಾವು ತುಂಬಬೇಕೇ?

ನಮ್ಮ ಕಾಲೋನಿಯಲ್ಲಿ ಟ್ರಸ್ಟ್ ನಡೆಸುವ ಚಿಕ್ಕ ನರ್ಸಿಂಗ್ ಹೋಮ್ ಇದೆ. ಕೆಲವು ವರ್ಷದಿಂದ ನಷ್ಟದಲ್ಲಿದೆ. ನಿವಾಸಿಗಳ ಸಂಘವು ಮನೆಗೆ ಇಷ್ಟು ಅಂತ ಪ್ರತಿ ತಿಂಗಳು ಕಡ್ಡಾಯವಾಗಿ ಕೂಡಿಸಿ ಕೊಡಬೇಕು ಎಂಬ ಮಾತು ಸಭೆಯ ಮುಂದೆ ಬಂದಿದೆ.

ಪರ: ಕೊಡೋಣ

ರಾತ್ರಿ ಎರಡು ಗಂಟೆಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಹಣೆ ಒಡೆದಿತ್ತು. ಪಕ್ಕದ ಮನೆಯವರೂ ನಾನೂ ಸೇರಿ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಎರಡು ರಸ್ತೆ ದಾಟಿದರೆ ನರ್ಸಿಂಗ್ ಹೋಮ್. ಬಾಗಿಲು ತೆರೆದಿತ್ತು, ಡ್ಯೂಟಿ ಡಾಕ್ಟರ್ ಇದ್ದರು. ಹೊಲಿಗೆ ಹಾಕಿ ಬೆಳಗಿನವರೆಗೆ ನೋಡಿಕೊಂಡರು.

ಆ ಬಾಗಿಲು ತೆರೆದಿಡುವುದಕ್ಕೇ ದುಡ್ಡು ಬೇಕು. ಇಪ್ಪತ್ತು ಹಾಸಿಗೆಯಲ್ಲಿ ಐದೇ ತುಂಬಿದರೂ ಮೂರು ಪಾಳಿಗೆ ನರ್ಸ್‌ಗಳು ಬೇಕು. ಜನರೇಟರ್‌ಗೆ ಡೀಸೆಲ್, ಆಕ್ಸಿಜನ್ ಸಿಲಿಂಡರ್, ಆಸ್ಪತ್ರೆ ಕಸ ಒಯ್ಯುವವರಿಗೆ ತಿಂಗಳ ಬಿಲ್ಲು. ಖಾಸಗಿ ಆಸ್ಪತ್ರೆಗಳಿಗೆ ರಾಜ್ಯ ಮಾಡಿದ 2007ರ ಕೆಪಿಎಂಇ ಕಾಯ್ದೆಯ ನಿಯಮಗಳು ದೊಡ್ಡ ಆಸ್ಪತ್ರೆಗಿರುವಂತೆ ಇದಕ್ಕೂ ಇವೆ. ಆದರೆ ಇಲ್ಲಿಗೆ ಬರುವವರು ಯಾರು? ನಮ್ಮ ಮನೆಗೆಲಸದವರು, ಗಾರೆ ಕೆಲಸದವರು, ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರು. ಫೀಸು ಜಾಸ್ತಿ ಮಾಡಿದರೆ ನಷ್ಟ ತೀರಬಹುದು. ಅವರು ಮಾತ್ರ ಬರುವುದಿಲ್ಲ. ಹಾಗಾದರೆ ಧರ್ಮಾರ್ಥ ಅಂತ ಬೋರ್ಡ್ ಯಾಕೆ?

ಚಿಕ್ಕ ಮೊತ್ತದಿಂದ ಏನಾಗುತ್ತದೆ ಅನ್ನುವವರು ಯಶಸ್ವಿನಿ ಯೋಜನೆಯನ್ನು ನೆನಪಿಸಿಕೊಳ್ಳಲಿ. 2003ರಲ್ಲಿ ಅದು ಜಾರಿಗೆ ಬಂದಾಗ ಸಹಕಾರ ಸಂಘದ ರೈತರು ವರ್ಷಕ್ಕೆ ಕಟ್ಟಿದ್ದು 60 ರೂಪಾಯಿ, ತಿಂಗಳಿಗೆ 5. ಸರ್ಕಾರವೂ ಕೈ ಜೋಡಿಸಿತ್ತು, ನಿಜ. ಆದರೂ ಆ ಐದೈದು ರೂಪಾಯಿ ಸೇರಿಯೇ ಎಷ್ಟೋ ಹಳ್ಳಿಯವರ ಆಪರೇಷನ್ ಆಯಿತು. ನಾವು ಗಣೇಶನ ಪೆಂಡಾಲಿಗೆ ಕೊಡುವುದಿಲ್ವಾ? ಇದಕ್ಕೂ ಕೊಡೋಣ.

ವಿರೋಧ: ಹೀಗೆ ಕೊಡುವುದು ಬೇಡ

ನನ್ನ ಮಗಳು ಹುಟ್ಟಿದ್ದು ಅದೇ ನರ್ಸಿಂಗ್ ಹೋಮ್‌ನಲ್ಲಿ. ಅದೇ ಮಗಳ ಹೆರಿಗೆಗೆ ನಾವು ಹೋಗಿದ್ದು ಊರಾಚೆಯ ದೊಡ್ಡ ಆಸ್ಪತ್ರೆಗೆ. ಮಗುವಿಗೆ ಏನಾದರೂ ಆದರೆ ಎನ್‌ಐಸಿಯು (ಹಸುಗೂಸುಗಳ ಐಸಿಯು) ಇರಲಿ, ಇನ್ಶೂರೆನ್ಸ್ ಕ್ಯಾಶ್‌ಲೆಸ್ ಆಗಲಿ ಅಂತ. ಕಾಲೋನಿಯ ಬಹಳ ಮನೆಗಳ ಕಥೆ ಇದೇ. ದುಡ್ಡು ಕೊಡಬಲ್ಲವರು ಬೇರೆ ಕಡೆ ಹೋದರು, ಕೊಡಲಾಗದವರು ಉಳಿದರು. ನಷ್ಟದ ಮೂಲ ಇದು. ತಿಂಗಳ ಚಂದಾ ಈ ವರ್ಷದ ಗುಂಡಿ ಮುಚ್ಚುತ್ತದೆ, ಮುಂದಿನ ವರ್ಷ ಗುಂಡಿ ಇನ್ನೂ ದೊಡ್ಡದಾಗಿರುತ್ತದೆ.

ಕಡ್ಡಾಯ ಅನ್ನುವ ಮಾತಂತೂ ನನಗೆ ಒಪ್ಪಿಗೆ ಇಲ್ಲ. ಪೆನ್ಷನ್‌ನಲ್ಲಿ ದಿನ ದೂಡುವ ಹಿರಿಯರಿದ್ದಾರೆ, ಬಾಡಿಗೆಗೆ ಇರುವವರಿದ್ದಾರೆ. ಸಂಘದ ದುಡ್ಡು ಬೈಲಾದಲ್ಲಿ ಬರೆದ ಕೆಲಸಕ್ಕೆ: ಚರಂಡಿ, ಬೀದಿ ದೀಪ, ಬೋರ್‌ವೆಲ್. ದಾನ ಕೊಟ್ಟರೆ ತೆರಿಗೆ ಉಳಿಯುತ್ತದೆ ಅನ್ನುವ ಆಸೆಯೂ ಎಲ್ಲರಿಗೂ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ರಿಯಾಯಿತಿ ಸಿಗುವುದಿಲ್ಲ.

ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆ 1976ರಲ್ಲಿ ಶುರುವಾದಾಗ ಇದ್ದದ್ದು 11 ಹಾಸಿಗೆ. ನಮ್ಮದಕ್ಕಿಂತ ಚಿಕ್ಕದು. ಅವರು ಕಣ್ಣು ಒಂದನ್ನೇ ಹಿಡಿದರು, ಚೆನ್ನಾಗಿ ಮಾಡಿದರು. ಹಾಗಾಗಿ ದುಡ್ಡು ಕೊಡುವವರೂ ಅಲ್ಲಿಗೇ ಬಂದರು, ಅವರ ಫೀಸಿನಿಂದಲೇ ಬಡವರ ಆಪರೇಷನ್ ನಡೆಯಿತು. ನಮ್ಮವರು ಹೆರಿಗೆ, ಜ್ವರ, ಆಪರೇಷನ್ ಎಲ್ಲವನ್ನೂ ಅರ್ಧಂಬರ್ಧ ಹಿಡಿದಿದ್ದಾರೆ.

ಈ ಕಾಲೋನಿಗೆ ಈಗ ಬೇಕಿರುವುದು ಬೇರೆ. ಮಕ್ಕಳು ಹೊರಗಿದ್ದಾರೆ, ಮನೆಯಲ್ಲಿ ವಯಸ್ಸಾದವರು. ಮಂಡಿ ಆಪರೇಷನ್ ಮುಗಿಸಿ ಬಂದವರಿಗೆ ಹತ್ತು ದಿನದ ಆರೈಕೆ, ಸ್ಟ್ರೋಕ್ ಆದವರಿಗೆ ಫಿಸಿಯೋಥೆರಪಿ, ರಾತ್ರಿಗೆ ಒಬ್ಬ ಡಾಕ್ಟರ್. ಇದಕ್ಕೆ ದುಡ್ಡು ಕೊಡುವ ಮನೆಗಳು ಇಲ್ಲೇ ಇವೆ, ಅದರಿಂದ ಗಾರೆ ಕೆಲಸದವರ ಬ್ಯಾಂಡೇಜಿನ ಖರ್ಚೂ ನಡೆದೀತು. ಹೆರಿಗೆ ವಾರ್ಡನ್ನು ಅದಕ್ಕೆ ಬಿಟ್ಟುಕೊಡಲಿ. ಮಂಚ, ವಾಕರ್, ಯಂತ್ರ ಕೊಳ್ಳಲು ಒಂದು ಸಲ ಬಂದು ಕೇಳಲಿ. ನನ್ನ ಪಾಲು ಅವತ್ತೇ ಕೊಡುತ್ತೇನೆ.