ಎಡಕ್ಕೆ ಹೊಳ್ಳಿದರೆ ಪೋಂ

ಎಡಗಿವಿ ಇನ್ನೂ ಗುಂಯ್ ಅಂತಿದೆ. ನಿನ್ನೆ ಧಾರವಾಡಕ್ಕೆ ಹೋಗಿ ಒಂದು ಹಳೇ ಫಿಯಾಟ್ ನೋಡಿ ಬಂದೆನಲ್ಲ, ಅದರ ಪ್ರಸಾದ.

ಮನೆಯಲ್ಲಿ ಕಾರು ಇಲ್ಲ ಅಂತಲ್ಲ. ಇದೆ. ಬಿಳಿ ಬಣ್ಣದ್ದು, ಕೆಡೋದಿಲ್ಲ, ಕೈ ಕೊಡೋದಿಲ್ಲ, ಅದರ ಬಗ್ಗೆ ಹೇಳಿಕೊಳ್ಳಲಿಕ್ಕೆ ಒಂದು ಕಥೆಯೂ ಇಲ್ಲ. ರವಿವಾರ ಸಂಜೆ ಉಣಕಲ್ ಕೆರೆ ತನಕ ಹೋಗಿ ಗಿರ್ಮಿಟ್ ತಿಂದು ಬರಲಿಕ್ಕೆ ಸಣ್ಣದೊಂದು ಹಳೇ ಕಾರು ಇರಲಿ ಅಂತ ತಲೆಯಲ್ಲಿ ಹುಳ ಹೊಕ್ಕಿತು. "ಇರೋ ಕಾರಿಗೇ ನೆರಳಿಲ್ಲ. ಅದನ್ನೇನು ಅಟ್ಟದ ಮ್ಯಾಲೆ ನಿಂದ್ರಸ್ತೀರಿ?" ಅಂದಳು ಹೆಂಡತಿ.

ಮೊದಲು ಸ್ಟ್ಯಾಂಡರ್ಡ್ ಹೆರಾಲ್ಡ್ ಮೇಲೆ ಮನಸಾಗಿತ್ತು. 1961ರಿಂದ ಹತ್ತು ವರ್ಷ ಮದ್ರಾಸಿನಲ್ಲಿ ತಯಾರಾದ ಚೆಲುವೆ. ಬಾನೆಟ್ಟು ಎತ್ತಿದರೆ ಮುಂಭಾಗವೇ ಪೂರ್ತಿ ಮುಂದಕ್ಕೆ ಬಾಗಿ, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ತೆರೆಯುತ್ತದೆ. ಎಷ್ಟು ಹುಡುಕಿದರೂ ಸಿಗಲಿಲ್ಲ. ಮಾರುತಿ 800? ಅದನ್ನು ಹಳೇದು ಅಂತ ಒಪ್ಪಿದರೆ ನಾನೂ ಹಳಬ ಅಂತ ಒಪ್ಪಬೇಕಾಗುತ್ತೆ. ಕೊನೆಗೆ ಉಳಿದದ್ದು ಪ್ರೀಮಿಯರ್ ಪದ್ಮಿನಿ, ಅಂದರೆ ನಮ್ಮ ಜನ ಫಿಯಾಟ್ ಅಂತಲೇ ಕರೆಯೋ ಕಾರು. 1089 ಸಿಸಿ, ನಾಲ್ಕು ಗೇರು, ಆ ಗೇರಿನ ಕೋಲೂ ಸ್ಟಿಯರಿಂಗ್ ಬದಿಗೇ.

ಧಾರವಾಡದ ಸಪ್ತಾಪುರದಲ್ಲಿ ಒಂದಿದೆ ಅಂತ ತಿಳಿಯಿತು. 1985ರ ಮಾಡೆಲ್. ಸರ್ಕಾರದ ಲೆಕ್ಕದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲಿಕ್ಕೆ 50 ವರ್ಷ ತುಂಬಿರಬೇಕು. ಅಂದರೆ ಇದಕ್ಕೆ ಮುಪ್ಪೂ ಬಂದಿದೆ, ಮರ್ಯಾದೆ ಇನ್ನೂ ಬಂದಿಲ್ಲ. ನಮ್ಮ ವಯಸ್ಸಿನವರ ಪಾಡೇ ಇದು.

ಮಾರುವವರಿಗೆ ಒಂದು ಚಟ. ಏನು ಕೇಳಿದರೂ "ಒಂದು ಸಣ್ಣ ಕೆಲಸ ಐತ್ರಿ, ಅಷ್ಟ" ಅನ್ನೋದು. ಎಡಗಡೆ ಬಾಗಿಲು ಒಳಗಿನಿಂದ ತೆಗೆಯೋದಿಲ್ಲ: ಸಣ್ಣ ಕೆಲಸ. ಕಾಲ ಕೆಳಗಿನ ಮ್ಯಾಟ್ ಸರಿಸಿದರೆ ಅಂಗಳದ ಫರಸಿ ಕಾಣುತ್ತೆ: ಸಣ್ಣ ಕೆಲಸ. ಪೆಟ್ರೋಲ್ ಮುಳ್ಳು ಯಾವಾಗಲೂ ಅರ್ಧಕ್ಕೇ ನಿಂತಿದೆ: "ಅದು ಚಲೋನ ಅಲ್ರಿ, ಖಾಲಿ ಆತು ಅನ್ನೋ ಚಿಂತಿ ಇಲ್ಲ."

ಹಾರ್ನಿನ ಸುದ್ದಿಯನ್ನು ಮಾತ್ರ ಹೇಳಲಿಲ್ಲ.

ಗೇಟು ದಾಟಿ ಎಡಕ್ಕೆ ಹೊಳ್ಳಿದೆ. ಪೋಂ! ನಾನು ಮುಟ್ಟಿರಲಿಲ್ಲ. ನೇರ ಮಾಡಿದೆ, ನಿಂತಿತು. ಮತ್ತೆ ಎಡಕ್ಕೆ, ಮತ್ತೆ ಪೋಂ. ಸ್ಟಿಯರಿಂಗ್ ಒಳಗಿನ ಹಾರ್ನ್ ವೈರಿನ ಮೇಲಿನ ಕವಚ ಸವೆದಿದೆಯಂತೆ, ಎಡಕ್ಕೆ ತಿರುಗಿಸಿದಾಗಷ್ಟೇ ತಂತಿ ಕಬ್ಬಿಣಕ್ಕೆ ತಾಗಿ ಕೂಗುತ್ತದಂತೆ. ಅವರು ಇದನ್ನು ಮೊಮ್ಮಗನ ತುಂಟತನ ಹೇಳುವ ಹಾಗೆ ಹೇಳಿದರು.

ತಿರುವಿನಲ್ಲಿ ಅಜ್ಜನೊಬ್ಬ ಕೈಚೀಲ ಹಿಡಿದು ರಸ್ತೆ ದಾಟುತ್ತಿದ್ದ. ನಾನು ಎಡಕ್ಕೆ ಹೊಳ್ಳಲೇಬೇಕಿತ್ತು. ಪೋಂ. ಅಜ್ಜ ನಡುರಸ್ತೆಯಲ್ಲೇ ನಿಂತ. ಅವನು ನಿಂತದ್ದಕ್ಕೆ ನಾನೂ ನಿಂತೆ, ಚಕ್ರ ಎಡಕ್ಕೇ ಇದ್ದದ್ದರಿಂದ ಹಾರ್ನು ನಿಲ್ಲಲಿಲ್ಲ.

"ಕಣ್ಣಿಗೆ ಕಾಣೂದಿಲ್ಲೇನೋ? ನಾ ಏನ್ ಈ ವಯಸ್ಸಿನಾಗ ಓಡ್ಲ್ಯಾ?"

"ಅಜ್ಜಾರ, ನಾ ಒತ್ತಿಲ್ರಿ. ಅದು ತಾನ ಒದರಾಕತ್ತೈತಿ."

"ಹೌದೌದು. ನಮ್ಮ ಎತ್ತೂ ತಾನ ಹಾಯ್ತಿತ್ತು. ದಂಡ ಮಾತ್ರ ನಾ ಕಟ್ಟಿದ್ನಿ."

ಅಲ್ಲಿಂದ ಬಲಕ್ಕಷ್ಟೇ ಹೊಳ್ಳೋದು ಅಂತ ನಿರ್ಧರಿಸಿದೆ. ಎಡಗಡೆ ಗಾಡಿ ಓಡಿಸುವ ದೇಶದಲ್ಲಿ, ಅದೂ ನಡುವೆ ಬಸ್ಸಿಗೇ ಬೇರೆ ದಾರಿ ಬಿಟ್ಟ ನಮ್ಮ ಬಿಆರ್‌ಟಿಎಸ್ ರಸ್ತೆಯಲ್ಲಿ, ಇದು ಎಂಥ ಪ್ರತಿಜ್ಞೆ ಅನ್ನೋದು ಟೋಲ್ ನಾಕಾ ದಾಟಿದ ಮೇಲೆ ಗೊತ್ತಾಯಿತು. ಬಲಕ್ಕೆ ನೋಡಿದರೆ ಚಿಗರಿ ಬಸ್ಸಿನ ದಾರಿ, ಅದಕ್ಕೆ ಕಬ್ಬಿಣದ ಬೇಲಿ. ಹೊಳ್ಳಬೇಕಾದರೆ ಮುಂದಿನ ಸಿಗ್ನಲ್ಲು. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ಆರಿತು. (ಸಣ್ಣ ಕೆಲಸ.) ತಳ್ಳಲಿಕ್ಕೆ ಬಂದ ಇಬ್ಬರು ಹುಡುಗರು ಮೊದಲು ಸೆಲ್ಫಿ ತಗೊಂಡರು, ಆಮೇಲೆ ತಳ್ಳಿದರು, ಎಡಕ್ಕೆ ತಳ್ಳಿದರು. ಪೋಂ. ಹಿಂದಿನವರೆಲ್ಲ ನಾನೇ ಜಗಳಕ್ಕೆ ಕರೆದೆ ಅಂತ ತಿಳಿದು ತಾವೂ ಬಾರಿಸಿದರು.

ಗದಗದಲ್ಲಿ ನಮ್ಮ ಓಣಿಯ ಡಾಕ್ಟರ ಹತ್ತಿರ ಇಂಥದ್ದೇ ಫಿಯಾಟ್ ಇತ್ತು. ನನಗಾಗ ಏಳೋ ಎಂಟೋ. ಒಮ್ಮೆ ಓಣಿಯ ತುದಿ ತನಕ ಕೂಡಿಸಿಕೊಂಡು ಹೋಗಿದ್ದರು. ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಪೆಟ್ರೋಲ್ ವಾಸನೆ, ಡಾಕ್ಟರ ಅಂಗಿಯ ಡೆಟಾಲ್ ವಾಸನೆ. ಒಂದೇ ಒಂದು ಸಲ ಹಾರ್ನ್ ಒತ್ತತೀನ್ರಿ ಅಂತ ಅಂಗಲಾಚಿದ್ದೆ. ಒಳಗೆ ಪೇಷಂಟ್ ಮಲಗ್ಯಾರ, ಬ್ಯಾಡಪ್ಪಾ ಅಂದಿದ್ದರು. ಮುಂದೆ ಅವರೂ ಹೋದರು, ಕಾರೂ ಹೋಯಿತು. ಆ ಒಂದು ಹಾರ್ನು ಅಷ್ಟು ವರ್ಷದ ಬಡ್ಡಿ ಸಮೇತ ನಿನ್ನೆ ಚುಕ್ತಾ ಆಯಿತು.

ಮನೆಗೆ ಬಂದು ಹೆಂಡತಿಗೆ, ಆ ಕಾರಿನ ಸಹವಾಸ ಸಾಕು ಅಂತ ಹೇಳಿದೆ. ಅವಳು ನಂಬಲಿಲ್ಲ. ಇವತ್ತು ಮುಂಜಾನೆ ಚಹಾ ಕುಡಿಯುವಾಗ ಫೋನ್ ಬಂತು.

"ಸರ್ರ, ಹಾರ್ನಿಂದು ಬರೋಬ್ಬರಿ ಆತ್ರಿ. ಈಗ ಬರೇ ಒಂದು ಸಣ್ಣ ಕೆಲಸ ಉಳದೈತಿ."

ಇಟ್ಟುಬಿಡಬೇಕಿತ್ತು ಫೋನು. "ಏನ್ರಿ ಅದು?" ಅಂತ ಕೇಳಿದೆ.